ಎರಡನೆಯ ಸಲ ಕೇಳದವಳು

“ಏನಿಲ್ರಿ ಸರ್, ಬಿಡ್ರಿ” ಅಂದಳು ಸಿತಾರಾ, ಬಂದ ನಗುವನ್ನು ತಡೆದುಕೊಳ್ಳುತ್ತ.

ಬಂಡೆಪ್ಪ ಮಾಸ್ತರರು ಗಾಜಿನ ಕೌಂಟರಿನ ಮೇಲೆ ಕೈ ಬಡಿದರು. ಒಳಗಿದ್ದ ಮೌಸು, ಪೆನ್‌ಡ್ರೈವುಗಳೆಲ್ಲ ಒಮ್ಮೆ ಕುಣಿದವು. “ಏನ್ ಬಿಡ್ರಿ? ಇಂವ ಏನೋ ಅಂದ, ನೀ ನಕ್ಕಿ. ನಾ ಕೇಳಿದ್ರ ಏನಿಲ್ಲ ಅಂತಿ. ಏನೂ ಇಲ್ಲದ್ದಕ್ಕ ನಕ್ಕಿರೇನ ಇಬ್ಬರೂ? ನನಗ ಕಿವಿ ಇಲ್ಲ, ಕಣ್ಣ ಅದಾವ!”

ಸಿತಾರಾ ತಲೆ ತಗ್ಗಿಸಿದಳು. ಬೆಳಗಾವಿಯ ಕೋಟೆಯ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟು ಹನ್ನೊಂದು ವರ್ಷವಾಗಿತ್ತು, ಕೈಕೆಳಗೆ ಇಬ್ಬರು ಕೆಲಸದವರಿದ್ದರು. ಆದರೂ ಖಾನಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಈ ಮಾಸ್ತರರ ಎದುರು ಆಕೆ ಇನ್ನೂ ಎಂಟನೆಯ ಕ್ಲಾಸಿನ ಹುಡುಗಿಯೇ. ಅವರ ಕಿವಿಯ ಹತ್ತಿರ ಬಾಗಿ ಒದರಿದಳು: “ಅಜ್ಜಾರಿಗೆ ಲುಡೋ ಹಾಕಿ ಕೊಡ್ರಿ ಅಂದ್ರು ಸರ್, ಇವರು!”

ರಿಪೇರಿಗೆ ಕೊಟ್ಟದ್ದನ್ನು ಒಯ್ಯಲು ಬಂದಿದ್ದ ಬ್ಯಾಂಕಿನ ಅಮೇಯನ ಮುಖ ಸಣ್ಣದಾಯಿತು. “ಲುಡೋ ನಿಮ್ಮಪ್ಪಗ ಕೊಡು” ಅಂದರು ಮಾಸ್ತರರು. ಸಿತಾರಾಳ ಕಡೆ ತಿರುಗಿದರು: “ನಾ ಏನ್ ಬೇಕಂತ ಬಂದೀನೋ ಅದನ್ನ ಕೇಳು ಮೊದಲ.”

ಕಿವಿ ಹೋದವನಿಗೆ ಲೋಕ ಕೊಡುವ ಉತ್ತರ ಇದೊಂದೇ. ಮದುವೆ ಮನೆಯ ಪಂಗ್ತಿಯಲ್ಲಿ ಏನಿಲ್ಲ ಬಿಡ್ರಿ. ದವಾಖಾನೆಯಲ್ಲಿ ಏನಿಲ್ಲ ಬಿಡ್ರಿ. ಹುಬ್ಬಳ್ಳಿಯ ಮಗಳು ವಿಡಿಯೋ ಕಾಲ್ ಮಾಡುತ್ತಾಳೆ, ತಾಯಿ ಮಗಳು ಹತ್ತು ನಿಮಿಷ ಹೊಟ್ಟೆ ಹಿಡಿದು ನಗುತ್ತಾರೆ, ಏನಂತ ಅಂತ ಕೇಳಿದರೆ ಅಲ್ಲಿಯೂ ಏನಿಲ್ಲ. ಮಾಸ್ತರರಿಗೆ ಶಬ್ದ ಕೇಳುತ್ತಿತ್ತು, ಹತ್ತಿರ ಬಂದು ಒದರಿದರೆ ಹೊರತು ಮಾತು ತಿಳಿಯುತ್ತಿರಲಿಲ್ಲ. ಕಿವಿಯ ಮಷೀನು ಹಾಕಿದರೆ ಬಸ್‌ಸ್ಟ್ಯಾಂಡೇ ತಲೆಯೊಳಗೆ ಬಂದು ಕುಳಿತ ಹಾಗೆ ಆಗುತ್ತಿತ್ತು. ಅದನ್ನು ಕಿತ್ತು ಕಪಾಟಿಗೆ ಹಾಕಿ ಮೂರು ವರ್ಷವಾಗಿತ್ತು. ಮೂವತ್ತನಾಲ್ಕು ವರ್ಷ ಮಾತಾಡಿಯೇ ಅನ್ನ ಉಂಡ ಮನುಷ್ಯ ಅವರು, ಸಿಟ್ಟು ಬರದೆ ಏನಾದೀತು?

ಅವರು ಚೀಲದಿಂದ ಇಂಗ್ಲಿಷ್ ಪೇಪರಿನ ಒಂದು ತುಂಡು ತೆಗೆದರು. ಹೊರದೇಶದವರು ಮಾಡಿದ ಒಂದು ಬಗೆಯ ಕಂಪ್ಯೂಟರ್ ಆಟದ ಸುದ್ದಿ ಅದರಲ್ಲಿತ್ತು. ಆಡುವವನೇ ಆ ಆಟದಲ್ಲೊಂದು ಪಾತ್ರ. ಊರೂರು ತಿರುಗಬೇಕು, ಸಿಕ್ಕವರ ಜೊತೆ ಮಾತಾಡಬೇಕು. ಅವರು ಆಡಿದ ಮಾತು ಪರದೆಯ ಮೇಲೆ ಬರುತ್ತದೆ, ಕೆಳಗೆ ಮೂರು ನಾಲ್ಕು ಉತ್ತರ ಇರುತ್ತವೆ, ಒಂದನ್ನು ಆರಿಸಬೇಕು. ಇದನ್ನು ಓದಿದ ದಿನ ಮಾಸ್ತರರಿಗೆ ನಿದ್ದೆ ಬಂದಿರಲಿಲ್ಲ. ಮಗಳು ಬಳಸಿ ಬಿಟ್ಟಿದ್ದ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮರುದಿನದ ರೈಲಿಗೇ ಬೆಳಗಾವಿಗೆ ಬಂದಿದ್ದರು.

“ನನಗ ಇಂಥಾದ್ದೊಂದು ಬೇಕು. ಮೊದಲನೇ ಸಲ ಆಡಾಂವ ನಾನು. ಯಾವುದರಿಂದ ಶುರು ಮಾಡ್ಲಿ, ಹೇಳು.”

ಸಿತಾರಾ ತನ್ನ ದೊಡ್ಡ ಪರದೆಯ ಮೇಲೆ ಹೊಸದೊಂದು ಆಟ ತೋರಿಸಿದಳು. ಸಿನಿಮಾದಂತೆ ಇತ್ತು. ಮಳೆ, ಕುದುರೆ, ಬೆಂಕಿ. ಗಡ್ಡದವನೊಬ್ಬ ಮುಖದ ಹತ್ತಿರ ಬಂದು ಬಾಯಿ ಆಡಿಸಿದ. ಅವನ ಮಾತು ಕೆಳಗೆ ಸಣ್ಣ ಅಕ್ಷರದಲ್ಲಿ ಬಂದು, ಮಾಸ್ತರರು ಕನ್ನಡಕ ಸರಿಮಾಡಿಕೊಳ್ಳುವುದರೊಳಗೆ ಹೋಯಿತು. “ಹೋತಲ್ಲ! ಏನಂದ ಇಂವ?” ಅಂದರು. ಸಿತಾರಾ ಬಾಯಿ ತೆರೆದಳು, “ಏನಿಲ್ಲ” ಅನ್ನುವುದು ತುಟಿಯ ತನಕ ಬಂದಿತ್ತು, ನುಂಗಿದಳು.

ಇನ್ನೊಂದು ತೋರಿಸಿದಳು, ಅದರಲ್ಲಿ ಬರೀ ಹೊಡೆದಾಟ. ಕೊನೆಗೆ ಒಂದು ಹಳೆಯದನ್ನು ತೆಗೆದಳು. ಮಾಳಿಗೆಯ ಮೇಲಿನಿಂದ ಓಣಿಯನ್ನು ನೋಡಿದ ಹಾಗೆ ಕಾಣುವ ಆಟ. ಮನುಷ್ಯರು ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು. ಆದರೆ ಕೆಳಗೆ ಅರ್ಧ ಪರದೆ ತುಂಬ ಬರಹ.

ಅಮೇಯ ಸುಮ್ಮನಿರಲಾರದೆ ಮೊಬೈಲಿನಲ್ಲಿ ಟೈಪ್ ಮಾಡಿ ಮಾಸ್ತರರ ಮುಂದೆ ಹಿಡಿದ: ‘ಹೊಸಬರು ಇದರಿಂದ ಶುರು ಮಾಡಬಾರದು. ಬಹಳ ಕಷ್ಟ, ಬಹಳ ಓದಬೇಕು. ಎಲ್ಲರೂ ಅರ್ಧಕ್ಕೇ ಬಿಡ್ತಾರೆ.’

“ಈ ಅಕ್ಷರ ಎಷ್ಟೊತ್ತು ಇರ್ತಾವು?” ಕೇಳಿದರು ಮಾಸ್ತರರು.

“ನೀವು ಉತ್ತರ ಕೊಡೂತನಾ ಇರ್ತಾವ್ರಿ ಸರ್!” ಒದರಿದಳು ಸಿತಾರಾ.

“ನಾ ಚಾ ಕುಡದು ಬಂದ್ರ?”

“ಆಟದಾಗಿನ ಮಂದಿ ಅಲ್ಲೇ ನಿಂತಿರ್ತಾರ್ರಿ!”

“ಇದನ್ನ ಹಾಕು” ಅಂದರು ಮಾಸ್ತರರು. ಅಮೇಯನಿಗೆ, “ನೀ ಹೇಳಿದ್ದು ಬರದು ಹೇಳಿದಿ, ಅದಕ್ಕ ಬೈಯೂದಿಲ್ಲ” ಅಂದು ಲ್ಯಾಪ್‌ಟಾಪು ಮುಂದೆ ಸರಿಸಿದರು.

ಖಾನಾಪುರದ ಮನೆಯಲ್ಲಿ ಮರುದಿನ ಮುಂಜಾನೆ ಪಡಸಾಲೆಯ ಟೇಬಲ್ಲಿಗೆ ಕುಳಿತರು. ಆಟ ಮೊದಲು ಹೆಸರು ಕೇಳಿತು, ಬಂಡೆಪ್ಪ ಎಂದು ಕೊಟ್ಟರು. ತೋಳಿನ ಬಲ, ಓಟ, ಬುದ್ಧಿ, ಮಾತು, ಇವಕ್ಕೆಲ್ಲ ಅಂಕ ಹಂಚಲು ಹೇಳಿತು. ಇದ್ದಬಿದ್ದದ್ದೆಲ್ಲ ಬುದ್ಧಿಗೂ ಮಾತಿಗೂ ಸುರಿದರು. ಆಮೇಲೆ ಒಂದು ಊರು. ಕಮ್ಮಾರ ಮಾತಾಡಿದ, ನೀರಿಗೆ ಬಂದವಳು ಮಾತಾಡಿದಳು, ಹುಚ್ಚನೊಬ್ಬ ಎರಡು ಪುಟದಷ್ಟು ಮಾತಾಡಿದ. ಒಬ್ಬರಾದರೂ ಬಿಡ್ರಿ ಅನ್ನಲಿಲ್ಲ. ಮಾಸ್ತರರು ಎರಡು ತಾಸು ಕದಲದೆ ಕುಳಿತರು. ಎಷ್ಟೋ ದಿನದ ಮೇಲೆ ಅವರ ಹುಬ್ಬು ಸಡಿಲಾಗಿತ್ತು.

ಊರಬಾಗಿಲಲ್ಲಿ ಬಿಲ್ಲು ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ‘ಕಾಡಿನಲ್ಲಿ ತೋಳಗಳಿವೆ. ನೀನೊಬ್ಬನೇ ಇದ್ದೀ. ನಾನು ಜೊತೆಗೆ ಬರಲೇ?’ ಅಂದಳು.

ಮಾಸ್ತರರಿಗೆ ಆಕೆ ಬೇಕಾಗಿದ್ದಳು. ಆದರೆ ಕೇಳಿದ ಕೂಡಲೇ ಹೂಂ ಅನ್ನುವುದೆಂತು? ಯಾರ ಮನೆಗೆ ಹೋದರೂ ಚಹಾ ಅಂದರೆ ಮೊದಲು ಒಲ್ಲೆ ಅನ್ನಬೇಕು. ಅವರು ‘ಅಯ್ಯ, ಒಂದು ಕಪ್ಪಿಗೆ ಏನಾಗ್ತದ್ರಿ’ ಅನ್ನಬೇಕು. ಮತ್ತೊಮ್ಮೆ ಒಲ್ಲೆ. ಮೂರನೆಯ ಸಲಕ್ಕೆ ಕೈ ಚಾಚಬೇಕು. ಅದು ರೀತಿ. ಮಾಸ್ತರರು ಎರಡನೆಯ ಉತ್ತರ ಆರಿಸಿದರು: ‘ಬೇಡ, ನಿನಗೇಕೆ ತೊಂದರೆ.’

‘ನಿನ್ನಿಷ್ಟ’ ಅಂದು ಆಕೆ ನಡೆದೇಬಿಟ್ಟಳು.

ಮಾಸ್ತರರು ಕಾಯ್ದರು. ಆಕೆ ತಿರುಗಿ ಬರಲಿಲ್ಲ. ಓಣಿ ಓಣಿ ಹುಡುಕಿದರು, ಎಲ್ಲಿಯೂ ಇಲ್ಲ. ಒಬ್ಬರೇ ಕಾಡಿಗೆ ಹೋದರು. ತೋಳಿಗೆ ಒಂದೂ ಅಂಕ ಕೊಡದ ಮನುಷ್ಯನನ್ನು ಮೂರು ತೋಳಗಳು ಒಂದು ನಿಮಿಷದಲ್ಲಿ ಮುಗಿಸಿದವು. ಮತ್ತೆ ಹೋದರು, ಮತ್ತೆ ಸತ್ತರು. ನಾಲ್ಕನೆಯ ಸಲ ಸತ್ತ ಮೇಲೆ ಸಿತಾರಾಳಿಗೆ ಮೊಬೈಲಿನಲ್ಲಿ ಉದ್ದ ಬೈಗುಳ ಬರೆದು ಹಾಕಿದರು. ಉತ್ತರ ಬಂತು: ‘ಸರ್, ಒಮ್ಮೆ ಬ್ಯಾಡ ಅಂದ್ರ ಆಕಿ ಮತ್ತ ಕೇಳಂಗಿಲ್ರಿ. ಬಾಗಲಕ್ಕ ಹೋಗೂಕಿಂತ ಮೊದಲ ಆಟ ಉಳಿಸಿಟ್ಟ ಜಾಗಾ ಇರ್ತೈತಿ, ಸೇವ್ ಅಂತ. ಅದನ್ನ ತಗದು ಮತ್ತ ಆಡ್ರಿ.’

“ಎಂಥಾ ಮಂದಿ ಇವರು!” ಮಾಸ್ತರರ ಕೂಗು ಅಡಿಗೆಮನೆಗೆ ಮುಟ್ಟಿತು. “ಮರ್ಯಾದಿಗೆ ಒಲ್ಲೆ ಅಂದ್ರ ಅದನ್ನ ಖರೇ ಅಂತ ಹಿಡದು ಹೋಗೂದ? ಇನ್ನೊಮ್ಮೆ ಕೇಳಿದ್ರ ಬಾಯಿ ಸವೀತಿತ್ತೇನ ಆಕಿದು?”

ಹೆಂಡತಿ ನೀಲವ್ವ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ಏನೋ ಕೇಳಿದಳು.

“ಏನಂದಿ?”

ಆಕೆ ಮತ್ತೆ ಅಂದಳು. ತುಟಿ ಆಡಿತು, ಅಷ್ಟೇ.

“ಏನಂದಿ ಅಂದೆ!”

“ಏನಿಲ್ಲ ಬಿಡ್ರಿ.” ಈ ಎರಡು ಮಾತು ಮಾತ್ರ ಮಾಸ್ತರರಿಗೆ ಯಾರ ತುಟಿಯ ಮೇಲಿದ್ದರೂ ತಿಳಿಯುತ್ತಿತ್ತು.

ಕುರ್ಚಿ ಹಿಂದಕ್ಕೆ ಬಿತ್ತು. “ಬಿಡ್ರಿ! ಬಿಡ್ರಿ! ಮೂರು ವರ್ಷ ಆತು, ಈ ಮನ್ಯಾಗ ನನ್ನ ಕೂಡ ಒಂದು ಮಾತಿಲ್ಲ! ಗ್ವಾಡಿ ಕೂಡ ಬಾಳ್ವೆ ಮಾಡಿಧಂಗ ಮಾಡಾಕತ್ತೀನಿ! ನಿನಗೂ ನಾ ಬ್ಯಾಡಾದೆನೇನ?”

ನೀಲವ್ವನ ಮುಖ ಕೆಂಪಾಯಿತು. ಎಂದೂ ತಿರುಗಿ ಆಡದ ಹೆಂಗಸು ದಡದಡ ಬಂದು, ಅವರ ಅಂಗಿಯ ಕಿಸೆಯಿಂದ ಕೆಂಪು ಪೆನ್ನು ಕಿತ್ತುಕೊಂಡಳು. ಟೇಬಲ್ಲಿನ ಮೇಲಿದ್ದ ಪೇಪರಿನ ಅಂಚಿನಲ್ಲಿ, ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳ ದೊಡ್ಡ ದೊಡ್ಡ ಅಕ್ಷರದಲ್ಲಿ ಕಾಗದ ಹರಿಯುವ ಹಾಗೆ ಬರೆದಳು.

‘ಕಿವಿ ಹೋದಾಗ ನಾ ಕೇಳಿದ್ದೆ, ಪಾಟಿ ಮ್ಯಾಲೆ ಬರದು ತೋರಸ್ಲಿ ಅಂತ. ಒಲ್ಲೆ ಅಂದ್ರಿ. ಮತ್ತ ಕೇಳಿದೆ. ನಾ ಏನ್ ಒಂದನೇ ಇಯತ್ತೆ ಹುಡುಗ ಏನ ಅಂತ ಪಾಟಿ ಒಗದ್ರಿ. ಒಡದ ಪಾಟಿ ಇನ್ನೂ ಮಾಡದಾಗ ಐತಿ. ಮೂರನೇ ಸಲ ಕೇಳಾಕ ನನಗ ಧೈರ್ಯ ಆಗಲಿಲ್ಲ.’

ಪೆನ್ನು ಒಗೆದು ಒಳಗೆ ಹೋದಳು.

ಮಾಸ್ತರರು ಎರಡು ಸಲ ಓದಿದರು. ಗೋಡೆಯಲ್ಲಿ ಗೂಡಿನಂತಿದ್ದ ಮಾಡದ ಕಡೆ ನೋಡಿದರು. ಎಣ್ಣೆಯ ಬಾಟಲಿಯ ಹಿಂದೆ ಪಾಟಿಯ ಕಟ್ಟಿಗೆಯ ಚೌಕಟ್ಟು ಕಾಣುತ್ತಿತ್ತು. ದಿನಾ ಅದರ ಮುಂದೆಯೇ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿದರು. ಕುಳಿತು, ಆಟ ಉಳಿಸಿಟ್ಟ ಮೊದಲಿನ ಜಾಗ ತೆಗೆದರು. ಬಿಲ್ಲಿನ ಹೆಂಗಸು ಊರಬಾಗಿಲಲ್ಲಿ ಮತ್ತೆ ಅದೇ ಮಾತು ಕೇಳಿದಳು. ಮಾಸ್ತರರು ಉತ್ತರ ಕೊಡಲಿಲ್ಲ. ಎದ್ದು ಕಪಾಟಿನಿಂದ ಹಾಳೆ ಖಾಲಿ ಇದ್ದ ಹಳೆಯ ನೋಟುಬುಕ್ಕು ತೆಗೆದುಕೊಂಡು, ಕೆಂಪು ಪೆನ್ನನ್ನು ನೆಲದಿಂದ ಎತ್ತಿಕೊಂಡು ಅಡಿಗೆಮನೆಗೆ ಹೋದರು. ನೀಲವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

“ಆಗ ಬಾಗಲದಾಗ ನಿಂತು ಏನಂದಿ?” ನೋಟುಬುಕ್ಕು ಚಾಚಿದರು. “ಏನಿಲ್ಲ ಅನಬ್ಯಾಡ. ಬರಿ.”

ಆಕೆ ಈ ಕಡೆ ತಿರುಗಿ ನೋಟುಬುಕ್ಕು ತೆಗೆದುಕೊಂಡಳು. ಆಮೇಲೆ ಮೂಗು ಒರೆಸಿಕೊಂಡು, ಒಲೆಕಟ್ಟೆಯ ಮೇಲೆ ಇಟ್ಟು ಬರೆದಳು: ‘ಬಾಜೂ ಮನಿ ಸಿದರಾಯನ ಎಮ್ಮಿ ಈದೈತಿ. ಗಿಣ್ಣ ಕಳಸ್ಯಾರ. ಹಾಕ್ಕೊಡ್ಲೇನ್ರಿ?’

ಮಾಸ್ತರರು ಓದಿದರು.

“ಹಾಕು” ಅಂದರು.

ನೀಲವ್ವ ತಲೆ ಎತ್ತಿ ಅವರನ್ನೇ ನೋಡಿದಳು. ಆಮೇಲೆ ಎರಡು ತಾಟು ತೆಗೆದಳು. ಪಡಸಾಲೆಯ ಟೇಬಲ್ಲಿನ ಮೇಲೆ, ಬಿಲ್ಲು ಹಿಡಿದವಳು ಊರಬಾಗಿಲಲ್ಲಿ ಹಾಗೆಯೇ ನಿಂತಿದ್ದಳು.