ಬಗ್ಗಿಸುವ ಪರೀಕ್ಷೆ

ಹೊಸ ಮಾಲೀಕರು ಕಳಿಸಿದ ಪರೀಕ್ಷಕಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಜಲಪಾತ ಕೌಂಟರಿನ ಹಿಂದೆ ಗ್ಲಾಸು ಜೋಡಿಸುತ್ತಿದ್ದ. ತಲೆ ಎತ್ತುವ ಮೊದಲೇ ಚಪ್ಪಲಿಯ ಸದ್ದಿನಿಂದ ಗುರುತು ಹತ್ತಿತು. ಎಷ್ಟೋ ವರ್ಷ ಅದೇ ಸದ್ದು ಅಡುಗೆಮನೆಯಿಂದ ಹಾಲಿಗೆ ಬಂದು, ಅವನನ್ನು ಬೈದು, ವಾಪಸು ಹೋಗುತ್ತಿತ್ತು. ಇನ್ನು ಬಾರಳು ಎಂದು ಅವನು ನೆಮ್ಮದಿಯಾಗಿದ್ದ. ಬಾರಳು ಎಂದುಕೊಂಡವಳು ಬಾರಿಗೇ ಬಂದಿದ್ದಳು. ಹೆಂಡತಿಯಾಗಿ ಮನೆ ಬಿಟ್ಟವಳು, ಈಗ ಮೇಡಂ.

“ಭೂಮಿ ಮೇಲೆ ಬೇರೆ ಯಾರೂ ಸಿಗಲಿಲ್ವಾ ಇವರಿಗೆ?” ಎಂದು ಅವನು ಖಾಲಿ ಗ್ಲಾಸಿನೊಳಗೆ ಗೊಣಗಿದ. ಗ್ಲಾಸೂ ಅದನ್ನೇ ಗೊಣಗಿತು.

ಜಲಪಾತ ಎಂಬ ಹೆಸರು ಗಿರಾಕಿಗಳು ಇಟ್ಟದ್ದು. ಬಾಟಲಿಯನ್ನು ಭುಜದೆತ್ತರಕ್ಕೆ ಎತ್ತಿ, ಸೊಂಟದ ಬಳಿ ಹಿಡಿದ ಗ್ಲಾಸಿಗೆ ಅವನು ಧಾರೆ ಬಿಡುತ್ತಿದ್ದ. ನೊರೆ ಅಂಚು ದಾಟಿ ಪೇಟ ಸುತ್ತಿದ ಹಾಗೆ ಏಳುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ನಿಂತ ಮೇಲೆ ನೋಡಿದರೆ ಗ್ಲಾಸಿನಲ್ಲಿ ಮುಕ್ಕಾಲು ಪಾಲು ನೊರೆ, ತಳದಲ್ಲಿ ಒಂದಿಷ್ಟು ಬಿಯರು, ಉಳಿದದ್ದು ಮೇಜಿನ ಮೇಲೆ. ಹಳೆಯ ಮಾಲೀಕರ ಕಣ್ಣಿಗೆ ಅದು ಕಲೆ. ಹೊಸಬರ ಕಣ್ಣಿಗೂ ಅದು ಕಲೆಯೇ, ಮೇಜುಬಟ್ಟೆಯ ಮೇಲಿನದು.

ಆದ್ದರಿಂದಲೇ ಈ ಪರೀಕ್ಷೆ. ಬಿಯರನ್ನು ಸರಿಯಾಗಿ ಬಗ್ಗಿಸಿದವರು ಕೌಂಟರಿನಲ್ಲಿ ಉಳಿಯುತ್ತಾರೆ, ಬಗ್ಗಿಸಲಾರದವರು ನೆಲಮಾಳಿಗೆಯ ಗೋಡೌನಿಗೆ, ಖಾಲಿ ಬಾಟಲಿಯ ಕ್ರೇಟು ಎತ್ತಲು. ಗೋಡೌನಿಗೆ ಕಿಟಕಿಯಿಲ್ಲ, ಗಿರಾಕಿಯಿಲ್ಲ. ಗಿರಾಕಿಗಳ ತೊದಲು, ಮ್ಯಾನೇಜರನ ಕೆಮ್ಮು, ಬಾಗಿಲಿನ ಕಿರುಗುಟ್ಟುವಿಕೆ, ಹೀಗೆ ಕಿವಿಗೆ ಬಿದ್ದದ್ದನ್ನೆಲ್ಲ ಅಣಕಿಸಿ ನಗಿಸಿಕೊಂಡು ಬದುಕಿದವನಿಗೆ ಅಲ್ಲಿ ಅಣಕಿಸಲು ಇಲಿಗಳು ಮಾತ್ರ. ಕೇಳಿ ನಗಲೂ ಅವೇ.

ಮೇಡಂ ಮೊದಲು ಪಾಠ ಮಾಡಿದಳು. ಎದುರಿಗೆ ಮ್ಯಾನೇಜರ್, ಹೆಡ್ ವೇಟರ್, ಇನ್ನಿಬ್ಬರು ಕೆಲಸದವರು, ಕೊನೆಯಲ್ಲಿ ಗೋಡೆಗೆ ಒರಗಿದ ಜಲಪಾತ.

“ಗ್ಲಾಸನ್ನ ಬುಡದಲ್ಲಿ ಹಿಡೀಬೇಕು. ಗಿರಾಕಿ ತುಟಿ ಇಡೋ ಜಾಗದಲ್ಲಿ ನಿಮ್ಮ ಬೆರಳಿಗೇನು ಕೆಲಸ?” ಮಾತು ಎಲ್ಲರಿಗೆ, ನೋಟ ಒಬ್ಬನಿಗೆ. “ಒಳಗಡೆ ಬಟ್ಟೆ ಹಾಕಿ ಒರೆಸಬಾರದು. ಚೂರು ಜಿಡ್ಡು ತಗುಲಿದ್ರೂ ನೊರೆ ನಿಲ್ಲಲ್ಲ. ತಣ್ಣೀರಲ್ಲಿ ಜಾಲಿಸಿ ಹಾಗೇ ಹಿಡೀರಿ. ಮೊದಲು ಗ್ಲಾಸು ಓರೆ. ಬಿಯರು ಗ್ಲಾಸಿನ ಮೈಗೆ ತಾಗಿ ಜಾರಬೇಕು. ಅರ್ಧ ದಾಟಿತಾ, ನಿಧಾನಕ್ಕೆ ನೆಟ್ಟಗೆ ಮಾಡಿ ನಡುವಿಗೆ ಬಿಡಿ. ಮೇಲೆ ಎರಡು ಬೆರಳು ನೊರೆ. ಸಾಕು.”

“ನೊರೆನೇ ಬೇಡ ಅನ್ನೋ ಗಿರಾಕಿ ಇದ್ರೆ ಮೇಡಂ?” ಎಂದು ಹೆಡ್ ವೇಟರ್ ಕೇಳಿದ.

“ನೊರೆ ಬರಿಸದೆ ಬಗ್ಗಿಸಿದ್ರೆ ಗ್ಯಾಸೆಲ್ಲ ಬಿಯರಲ್ಲೇ ಉಳಿಯುತ್ತೆ, ಆಮೇಲೆ ಗಿರಾಕಿ ಹೊಟ್ಟೇಲಿ. ಜಾಸ್ತಿ ಬರಿಸಿದ್ರೆ ಬರೀ ಗಾಳಿ. ಗಾಳಿ ಮಾರೋರು ಇಲ್ಲೂ ಒಬ್ಬರಿದ್ದಾರೆ ಅಂತ ಕೇಳಿದೀನಿ.”

“ಕೇಳಿರೋದಲ್ಲ ಮೇಡಂ, ಕಟ್ಕೊಂಡಿದ್ರಿ,” ಎಂದ ಜಲಪಾತ.

“ಅಭ್ಯರ್ಥಿಗಳು ಕರೆದಾಗ ಮಾತ್ರ ಮಾತಾಡಬೇಕು.”

“ಮನೇಲೂ ಇದೇ ರೂಲ್ಸಿತ್ತು.”

ಮ್ಯಾನೇಜರನಿಗೆ ಸಂಗತಿ ಆಗಷ್ಟೇ ಹೊಳೆಯಿತು. ಜಗಳ ಬಿಡಿಸಬೇಕಾದ ಮನುಷ್ಯ ಕುರ್ಚಿ ಎಳೆದುಕೊಂಡು ಇನ್ನೂ ಚೆನ್ನಾಗಿ ಕಾಣುವ ಕಡೆ ಕೂತ.

ಹೆಡ್ ವೇಟರ್ ಬಗ್ಗಿಸಿ ಪಾಸಾದ. ಉಳಿದಿಬ್ಬರೂ ಪಾಸಾದರು. “ಮುಂದಿನ ಅಭ್ಯರ್ಥಿ,” ಎಂದು ಮೇಡಂ ಹಾಳೆಯಿಂದ ಕಣ್ಣೆತ್ತದೆ ಕರೆದಳು. ಒಂದು ಕಾಲದಲ್ಲಿ ‘ರೀ’ ಎಂದು ಕರೆಯುತ್ತಿದ್ದ ಬಾಯಿ ಅದು. ಆ ‘ರೀ’ಯಲ್ಲೂ ಗರಗಸದ ಸದ್ದೇ ಇತ್ತು ಎನ್ನುವುದು ಬೇರೆ ಮಾತು.

ಜಲಪಾತ ಮುಂದೆ ಬಂದ. ಇವಳು ತನ್ನನ್ನು ಫೇಲು ಮಾಡಿಯೇ ಮಾಡುತ್ತಾಳೆ ಎನ್ನುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಫೇಲಾಗುವುದೇ ಖಾತ್ರಿಯಾದರೆ ಸುಮ್ಮನೆ ಯಾಕೆ ಫೇಲಾಗಬೇಕು? ಅವಳ ಮಾನವನ್ನೂ ಹರಾಜಿಗಿಟ್ಟೇ ನೆಲಮಾಳಿಗೆಗೆ ಇಳಿಯುವುದು.

ಕತ್ತು ಉದ್ದವಾಯಿತು. ಎಡಭುಜ ತುಸು ಇಳಿಯಿತು. ಹುಬ್ಬು ಹಣೆಯ ನಡುವಿಗೆ ಹೋಗಿ ನಿಂತಿತು. ಅವನು ಯಾರನ್ನೇ ಅಣಕಿಸಲಿ, ದನಿಯ ಹಿಂದೆ ಮೈಯೆಲ್ಲ ಹೊರಟುಬಿಡುತ್ತಿತ್ತು. ಮ್ಯಾನೇಜರನ ಹಾಗೆ ಕೆಮ್ಮಿದರೆ ಅವನಿಗೆ ಹೊಟ್ಟೆಯೇ ಬರುತ್ತಿತ್ತು.

“ಗ್ಲಾಸನ್ನ ಬುಡದಲ್ಲಿ ಹಿಡೀಬೇಕು!” ಅವಳದೇ ದನಿ, ಮೂಗಿನ ಕೊನೆಯಲ್ಲಿ ಸೀಳಿದ್ದು. ಹೆಡ್ ವೇಟರ್ ಬೆಚ್ಚಿ ಮೇಡಂ ಕಡೆ ನೋಡಿದ. “ನಿಮ್ಮ ಬೆರಳಿಗೇನು ಕೆಲಸ? ಉಗುರು ನೋಡಿ, ಉಗುರು! ಅದರಲ್ಲಿ ಬದನೆ ಬೆಳೀಬಹುದು! ತಣ್ಣೀರಲ್ಲಿ ಜಾಲಿಸಿ. ಓರೆ ಮಾಡಿ. ಗ್ಲಾಸನ್ನ ಓರೆ ಮಾಡಿ ಅಂದೆ, ಮುಖಾನಲ್ಲ! ಜಾರಬೇಕು, ಜಾರಬೇಕು. ಮನೆ ಕೆಲಸ ಅಂದ್ರೆ ನೀವು ಜಾರ್ಕೊಳ್ತಿದ್ರಲ್ಲ, ಹಾಗೆ! ಅರ್ಧ ದಾಟಿತಾ? ಈಗ ನೆಟ್ಟಗೆ. ಜೀವನದಲ್ಲಿ ಒಂದು ಸಲವಾದ್ರೂ ನೆಟ್ಟಗೆ! ಸಾಕು. ಸಾಕಂದ್ರೆ ಸಾಕು!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರನ ನಗು ಕೆಮ್ಮಾಯಿತು. ಆಮೇಲೆ ಒಬ್ಬೊಬ್ಬರದೇ ನಗು ನಿಂತಿತು. ಅವರು ನೋಡುತ್ತಿದ್ದದ್ದು ಅವನನ್ನಲ್ಲ, ಅವನ ಕೈಯನ್ನು.

ಗ್ಲಾಸಿನಲ್ಲಿ ಹೊಂಬಣ್ಣದ ಬಿಯರು ನಿಶ್ಚಿಂತೆಯಿಂದ ನಿಂತಿತ್ತು. ಮೇಲೆ ಎರಡು ಬೆರಳು ಬಿಳಿ ನೊರೆ. ಹೊರಗೆ ಒಂದು ಹನಿಯೂ ಇಲ್ಲ. ಯಾರದೋ ಮಗುವನ್ನು ಯಾರೋ ತನ್ನ ಕೈಗೆ ಕೊಟ್ಟು ಹೋದಂತೆ ಜಲಪಾತ ಅದನ್ನು ನೋಡಿದ.

ಮೇಡಂ ಹತ್ತಿರ ಬಂದು ಬಾಗಿ ನೋಡಿದಳು. ಬೆರಳು ಅಡ್ಡ ಹಿಡಿದು ಅಳೆದಳು.

“ಪಾಸಾ ಮೇಡಂ?” ಎಂದ ಮ್ಯಾನೇಜರ್.

“ಪಾಸು. ನಾನು ಪಾಸು. ಇದನ್ನ ಬಗ್ಗಿಸಿದ್ದು ನಾನು. ದನಿ ನಂದು, ಕೈ ನಂದು. ಇವರು ಬರೀ ಷರ್ಟು ಹಾಕ್ಕೊಂಡು ನಿಂತಿದ್ರು.” ಅವಳು ಗ್ಲಾಸನ್ನು ಕಸಿದು ಪಕ್ಕಕ್ಕಿಟ್ಟು ಹೊಸದೊಂದನ್ನು ಅವನ ಮುಂದೆ ಕುಕ್ಕಿದಳು. “ಈಗ ಇವರು ಬಗ್ಗಿಸಲಿ. ಬಾಯಿ ಮುಚ್ಕೊಂಡು.”

“ಸಾರ್, ಇದು ಪರೀಕ್ಷೆ ಅಲ್ಲ, ಹಗೆ!”

“ಬಾಯಿ ಮುಚ್ಕೊಂಡು ಬಗ್ಗಿಸೋದು ಅಷ್ಟು ಕಷ್ಟಾನೇನಯ್ಯ?” ಎಂದ ಮ್ಯಾನೇಜರ್.

“ಕಷ್ಟ ಸಾರ್,” ಎಂದಳು ಮೇಡಂ. “ಇವರು ನಿದ್ದೆಯಲ್ಲೂ ಬಾಯಿ ಮುಚ್ಚಿದ್ದನ್ನ ನಾನು ನೋಡಿಲ್ಲ.”

ಈ ಸಲದ ನಗು ಅವಳ ಪಾಲಿಗೆ ಹೋಯಿತು. ಅವನ ಮೈ ಉರಿದುಹೋಯಿತು. ಅವಳು ಕೌಂಟರಿನ ಎತ್ತರದ ಸ್ಟೂಲಿನ ಮೇಲೆ, ಅವನಿಗೆ ಎದುರಾಗಿ, ಗಿರಾಕಿಯ ಹಾಗೆ ಕೂತಳು.

“ನನ್ನ ಬಗ್ಗಿಸೋಕೇ ಬಂದಿದೀಯ, ಅಲ್ವಾ?” ಎಂದ ಅವನು, ಅವಳಿಗಷ್ಟೇ ಕೇಳುವಂತೆ.

“ನಿನ್ನ ಬಗ್ಗಿಸಿ ನನಗೇನಾಗಬೇಕು? ಬಿಯರ್ ಬಗ್ಗಿಸು.”

ಅವನು ತುಟಿ ಬಿಗಿದು ಬಾಟಲಿ ಎತ್ತಿದ. ದಾರಿ ಎರಡಿದ್ದವು, ಎರಡೂ ಸಿಹಿ. ಜಲಪಾತವನ್ನೇ ಬಿಟ್ಟು, ಅವಳು ತೊಟ್ಟಿದ್ದ ಇಸ್ತ್ರಿ ಕೆಡದ ಕೋಟನ್ನು ನೆನೆಸುವುದು ಒಂದು. ಇನ್ನೊಂದು, ನೊರೆಯೇ ಇಲ್ಲದೆ ಇಡೀ ಬಾಟಲಿ ಜಾರಿಸಿ ಅವಳಿಗೆ ಕುಡಿಸಿ, ಅಷ್ಟೂ ಗ್ಯಾಸು ಹೊಟ್ಟೆಯಲ್ಲಿಟ್ಟುಕೊಂಡು ಬಸ್ಸು ಹತ್ತುವಂತೆ ಮಾಡುವುದು. ಎರಡೂ ದಾರಿ ಸೇರುವುದು ಮಾತ್ರ ಆ ಕಿಟಕಿಯಿಲ್ಲದ ಗೋಡೌನಿಗೆ.

ಸರಿಯಾಗಿಯೇ ಬಗ್ಗಿಸೋಣವೆಂದರೆ ಕೈಗೆ ದಾರಿ ಗೊತ್ತಿರಲಿಲ್ಲ. ಗ್ಲಾಸು ನೆಟ್ಟಗೇ ನಿಂತಿತ್ತು. ಬಾಟಲಿ ತನ್ನಷ್ಟಕ್ಕೆ ತಾನೇ ಭುಜದ ಕಡೆ ಏರತೊಡಗಿತ್ತು. ಹೆಡ್ ವೇಟರ್ ಆಗಲೇ ‘ಅಯ್ಯೋ ಪಾಪ’ ಎಂಬ ಮುಖ ಮಾಡಿಕೊಂಡಿದ್ದ.

ಓರೆ, ಎಂದಿತು ದನಿ.

ಎದುರಿಗೆ ಕೂತವಳು ಬಾಯಿ ತೆರೆದಿರಲಿಲ್ಲ. ದನಿ ಬಂದದ್ದು ಅವನ ತಲೆಯೊಳಗಿಂದ. ನಗಿಸಲು ಅವನೇ ಹುಟ್ಟಿಸಿದ ದನಿಯಲ್ಲ. ಊಟದ ತಟ್ಟೆಯ ಮುಂದೆ, ಬೀಗ ಹಾಕಿದ ಬಾಗಿಲ ಮುಂದೆ, ವಕೀಲರ ಮೆಟ್ಟಿಲ ಮೇಲೆ ಕೇಳಿದ ಅಸಲು ದನಿ. ಅವನು ಗ್ಲಾಸನ್ನು ಓರೆ ಮಾಡಿದ. ಬುಡದಲ್ಲಿ, ಎಂದಿತು. ಬೆರಳುಗಳು ಕೆಳಗೆ ಸರಿದವು. ಜಾರಲಿ. ಜಾರಿತು. ಈಗ ನೆಟ್ಟಗೆ. ಸಾಕು. ಅವನು ನಿಲ್ಲಿಸಿದ.

ಎರಡು ಬೆರಳು.

ಮೇಡಂ ಒಂದು ಗುಟುಕು ಕುಡಿದು, ತುಟಿ ಒರೆಸಿಕೊಂಡು, ಹಾಳೆಯ ಮೇಲೆ ಸಹಿ ಹಾಕಿದಳು. “ಪಾಸು ಮಾಡೋಕೆ ಮನಸ್ಸಿಲ್ಲ. ಆದ್ರೆ ಪಾಸು.” ಹೊರಡುವ ಮೊದಲು ಕೌಂಟರಿನ ಮೇಲೆ ಬಾಗಿ ಮೆಲ್ಲಗೆ ಕೇಳಿದಳು, “ಯಾರ ಮಾತು ಕೇಳ್ಕೊಂಡು ಬಗ್ಗಿಸಿದೆ?”

“ಯಾರದ್ದೂ ಇಲ್ಲ.”

“ತುಟಿ ಅಲ್ಲಾಡ್ತಿತ್ತು.” ಅವಳು ಆ ದಿನ ಮೊದಲ ಬಾರಿಗೆ ನಕ್ಕಳು. ಆ ನಗುವಿನಲ್ಲಿ ಪ್ರೀತಿ ಹುಡುಕುವಷ್ಟು ಅವನು ದಡ್ಡನಾಗಿರಲಿಲ್ಲ. “ಕೋರ್ಟು ನಿನ್ನ ಮನೆಯಿಂದ ನನ್ನ ಬಿಡಿಸ್ತು. ತಲೆಯಿಂದ ಬಿಡಿಸೋ ಕೋರ್ಟು ಇನ್ನೂ ಕಟ್ಟಿಲ್ಲ. ಒಳ್ಳೇದಾಯ್ತು ಬಿಡು. ಇನ್ನು ದಿನಾ ನಿನ್ನ ಕೌಂಟರಲ್ಲಿ ನಾನೇ.”

ಉಳಿದ ಬಿಯರನ್ನು ಅಲ್ಲೇ ಬಿಟ್ಟು ಹೋದಳು. ಚಪ್ಪಲಿಯ ಸದ್ದು ಬಾಗಿಲು ದಾಟಿತು.

ಸಂಜೆ ಗಿರಾಕಿಗಳು ತುಂಬಿದರು. ರೈಲು ನಿಲ್ದಾಣದ ಕೈಮರದ ಹಾಗೆ ತೋಳು ಎತ್ತಿ ಇಳಿಸುತ್ತ ಬರುವ ಕಟ್ಟಡದ ಮೇಸ್ತ್ರಿ, ಅಪರೂಪಕ್ಕೆ ಹೆಂಡತಿಯನ್ನೂ ಕರೆದುಕೊಂಡು ಬಂದು ಕೌಂಟರಿನ ಮುಂದೆ ಕೂತ. “ನೋಡ್ತಿರು, ಇಂಥದ್ದು ನೀನು ಎಲ್ಲೂ ನೋಡಿರಲ್ಲ,” ಎಂದು ಅವಳಿಗೆ ಹೇಳಿ, “ಬಿಡಪ್ಪಾ ಜಲಪಾತ, ನಿನ್ನ ಧಾರೆ!” ಎಂದ.

ಜಲಪಾತ ಬಾಟಲಿ ಎತ್ತಿದ. ಮೂಲೆಯ ಕುರ್ಚಿಯಿಂದ ಮ್ಯಾನೇಜರ್ ಕೆಮ್ಮಿದ.

ಕೆಳಗೆ, ಎಂದಿತು ದನಿ. ಬಾಟಲಿ ಇಳಿಯಿತು. ಓರೆ. ಗ್ಲಾಸು ಓರೆಯಾಯಿತು.

“ಇಷ್ಟೇನಾ?” ಎಂದ ಮೇಸ್ತ್ರಿ. ಅವನ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು.

ಬೆರಳು, ಎಂದಿತು ದನಿ. ಉಗುರು ನೋಡಿ, ಉಗುರು.

“ಬಾಯ್ ಮುಚ್ಚೇ!” ಎಂದು ಜಲಪಾತ ಗದರಿದ.

ಮೇಸ್ತ್ರಿಯ ಹೆಂಡತಿ ತೆರೆದ ಬಾಯಿಯನ್ನು ಮುಚ್ಚಲಿಲ್ಲ. ಮೇಸ್ತ್ರಿ ಸ್ಟೂಲಿನಿಂದ ಎದ್ದು, ಕೌಂಟರಿನ ಮೇಲಿಂದ ಕೈಚಾಚಿ ಅವನ ಕಾಲರು ಹಿಡಿದ. “ಯಾರಿಗೋ ಅಂದೆ? ನನ್ನ ಹೆಂಡ್ತಿಗಾ?”

“ಅಲ್ಲಣ್ಣ, ನನ್ನ ಹೆಂಡ್ತಿಗೆ!”

“ಎಲ್ಲಿದ್ದಾಳೋ ನಿನ್ನ ಹೆಂಡ್ತಿ?”

ಕಾಲರು ಕತ್ತಿಗೆ ಬಿಗಿಯಿತು. ಮ್ಯಾನೇಜರ್ ಕುರ್ಚಿಯಿಂದ ಏಳದೆ, ಜಲಪಾತನ ಗ್ಲಾಸು ಹಿಡಿದ ಕೈಯನ್ನೇ ನೋಡುತ್ತಿದ್ದ. ಅರ್ಧ ದಾಟಿತು, ಎಂದಿತು ತಲೆಯೊಳಗಿನ ಮೇಡಂ. ಈಗ ನೆಟ್ಟಗೆ ಮಾಡಿ. ಕಾಲರು ಮೇಸ್ತ್ರಿಯ ಮುಷ್ಟಿಯಲ್ಲಿರುವಂತೆಯೇ ಜಲಪಾತ ಗ್ಲಾಸನ್ನು ನಿಧಾನವಾಗಿ ನೆಟ್ಟಗೆ ಮಾಡಿ, ನಡುವಿಗೆ ಬಿಡತೊಡಗಿದ.