ಟಿಕೆಟ್ ಚೀಲ ಕೊಡಲ್ಲ

ಆ ವಾರ ನಮ್ಮ ಬೀದಿಯಲ್ಲಿ ಕೆಮ್ಮು ಕೇಳಿಸದ ಮನೆಯೇ ಇರಲಿಲ್ಲ. ನಮ್ಮಪ್ಪ ಬಸ್ ಕಂಡಕ್ಟರ್. ರಾತ್ರಿ ಚೆನ್ನಾಗಿ ಮಲಗಿದವರ ಮೈ ಬೆಳಿಗ್ಗೆ ಏಳುವಾಗ ಕೆಂಡವಾಗಿತ್ತು. ಒಣ ಕೆಮ್ಮು, ತಲೆನೋವು, ಕೈಕಾಲು ಮುರಿದು ಹಾಕಿದಂಥ ನೋವು. ಆದರೂ ಯೂನಿಫಾರ್ಮ್ ಹಾಕಿಕೊಂಡು ಹೊರಟು ನಿಂತರು. ನಾನು ಏಳು ತಿಂಗಳ ಬಸುರಿ. ಅವರ ಟಿಕೆಟ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತೆ.

"ಏಳಮ್ಮ, ಹೊತ್ತಾಯ್ತು. ಬರೀ ನೆಗಡಿ ಇದು."

"ನೆಗಡಿಗೆ ಯಾರಾದ್ರೂ ಹೀಗೆ ನಡುಗ್ತಾರಾ? ನಾನು ಏಳಲ್ಲ."

"ಇಪ್ಪತ್ತೆರಡು ವರ್ಷದಲ್ಲಿ ಒಂದು ಟ್ರಿಪ್ಪೂ ತಪ್ಪಿಸಿಲ್ಲ ನಾನು!"

ನಮ್ಮ ಜಗಳ ಕೇಳಿ ಎದುರುಮನೆ ನರ್ಸಕ್ಕ ಕಿಟಕಿಯ ಹತ್ತಿರ ಬಂದು ನಿಂತರು.

"ಅಣ್ಣ, ಇಂಜಿನ್ ಕಾದ್ರೆ ಬಸ್ ನಿಲ್ಲಿಸ್ತೀರಿ. ಮೈ ಕಾದ್ರೆ ಓಡ್ತೀರಾ? ಇರ್ಲಿ, ಟಿಕೆಟ್ ಹೇಗೆ ಹರೀತೀರಿ, ತೋರಿಸಿ."

ಅಪ್ಪ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಗಾಳಿಯಲ್ಲೇ ಒಂದು ಟಿಕೆಟ್ ಹರಿದರು.

"ಹೀಗೆ ದಿನಕ್ಕೆ ಎಷ್ಟು ಜನಕ್ಕೆ ಎಂಜಲು ಹಂಚ್ತೀರಿ? ಇದು ನೆಗಡಿ ಅಲ್ಲ, ಬೀದಿಗೆಲ್ಲ ಬಂದಿರೋ ಫ್ಲೂ. ಕೆಮ್ಮಿದ್ರೂ ಹರಡುತ್ತೆ, ಕೈಯಿಂದ್ಲೂ ಹರಡುತ್ತೆ. ಬಸುರಿಗೆ, ಎಳೆ ಮಕ್ಕಳಿಗೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ, ಉಬ್ಬಸ ಇರೋರಿಗೆ ಅದು ಜೀವಕ್ಕೇ ಕುತ್ತಾಗಬಹುದು."

ಅಪ್ಪನ ಕಣ್ಣು ನನ್ನ ಹೊಟ್ಟೆಯ ಮೇಲೆ ಬಿತ್ತು. ಆದರೂ ಜಗ್ಗಲಿಲ್ಲ. "ಹೋದ ಸಲದ ಆ್ಯಂಟಿಬಯಾಟಿಕ್ ಮಿಕ್ಕಿದೆ. ನುಂಗಿದ್ರೆ ಸಂಜೆಗೆ ಸರಿಹೋಗುತ್ತೆ."

"ಫ್ಲೂಗೆ ಅದು ನಾಟಲ್ಲ ಅಣ್ಣ. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ಹೇಳಿದ ಲೆಕ್ಕದಷ್ಟೇ. ಚೆನ್ನಾಗಿ ನೀರು ಕುಡೀರಿ, ಮಲಗಿ. ಬೇರೆ ಕೋಣೆ, ತೆರೆದ ಕಿಟಕಿ, ಬಾಯಿಗೆ ಮಾಸ್ಕ್. ಮಾತ್ರೆ ಇಲ್ಲದೆ ಪೂರ್ತಿ ಒಂದು ದಿನ ಜ್ವರ ಬರದಿದ್ರೆ ಆಮೇಲೆ ಬಸ್ಸು. ಉಸಿರಾಟ ಕಷ್ಟ ಆದ್ರೆ, ಎದೆ ನೋವಾದ್ರೆ, ತುಟಿ ನೀಲಿಯಾದ್ರೆ, ಮಂಪರು ಕವಿದ್ರೆ, ಇಳಿದ ಜ್ವರ ಮತ್ತೆ ಏರಿದ್ರೆ ಸೀದಾ ಆಸ್ಪತ್ರೆಗೆ."

ಅಷ್ಟರಲ್ಲಿ ಡಿಪೋದಿಂದ ಫೋನ್ ಬಂತು. "ಜ್ವರ ಯಾರಿಗಯ್ಯ ಬರಲ್ಲ? ಬಸ್ ನಿಂತಿದೆ, ಬಾ!" ಎಂದು ಸಾಹೇಬರು ಗುಡುಗಿದ್ದು ನನಗೂ ಕೇಳಿಸಿತು. ಅಪ್ಪ ನನ್ನ ಕಡೆ ನೋಡಿದರು. ನಾನು ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

"ಬರಲ್ಲ ಸಾರ್. ಬಸ್ ತುಂಬಾ ಜ್ವರ ಹಂಚೋಕೆ ನನ್ನಿಂದಾಗಲ್ಲ. ಏನು ಬರ್ಕೋತೀರೋ ಬರ್ಕೊಳ್ಳಿ!"

ಅಪ್ಪ ಸಾಹೇಬರಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೂರನೇ ದಿನ ನನಗೂ ಮೈ ಬಿಸಿಯಾಯಿತು. ಹೆದರಿ ಅಮ್ಮನನ್ನು ಕೂಗಿದೆ. ಅಮ್ಮ "ನಾಳೆವರೆಗೂ ನೋಡೋಣ್ವಾ?" ಅಂದದ್ದೇ ತಡ, ಬಾಗಿಲು ಮುಚ್ಚಿದ ತಮ್ಮ ಕೋಣೆಯೊಳಗಿಂದ ಅಪ್ಪ ಕೂಗಿದರು: "ನಾಳೆ ಗೀಳೆ ಬೇಡ! ಬಸುರಿ ಅವಳು, ಈಗ್ಲೇ ಕರ್ಕೊಂಡು ಹೋಗು!" ಡಾಕ್ಟರು ನೋಡಿ ಆವತ್ತೇ ಫ್ಲೂ ಔಷಧಿ ಶುರು ಮಾಡಿದರು. "ಮೊದಲ ದಿನವೇ ಬಂದಿದ್ದು ಒಳ್ಳೇದಾಯ್ತು," ಅಂದರು. ವಾರದೊಳಗೆ ನಾನು ಚೇತರಿಸಿಕೊಂಡೆ. ಹೊಟ್ಟೆಯಲ್ಲಿದ್ದ ತುಂಟ ಮಗು ಎಂದಿನಂತೆ ಒದೆಯುತ್ತಲೇ ಇತ್ತು.

ಈಗ ಅಪ್ಪನ ಚೀಲದಲ್ಲಿ ಒದ್ದೆ ಸ್ಪಂಜಿನ ಪುಟ್ಟ ಡಬ್ಬಿ ಇದೆ. ಹೆಬ್ಬೆರಳು ನಾಲಿಗೆಗೆ ಹೋಗುವುದಿಲ್ಲ. ಯಾರಾದರೂ ಬಾಯಿ ಮುಚ್ಚದೆ ಕೆಮ್ಮಿದರೆ, "ಮೊಣಕೈಗೆ ಕೆಮ್ಮಿ ಸ್ವಾಮಿ!" ಎಂದು ಬಸ್ಸಿಗೆಲ್ಲ ಕೇಳುವಂತೆ ಗದರುತ್ತಾರೆ.

ಇದನ್ನು ಓದುತ್ತಿರುವವರೇ, ಸೋಪು ಹಾಕಿ ಕೈ ತೊಳೆಯಿರಿ. ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ನಿಮ್ಮ ಮನೆಯಲ್ಲೂ ಯಾರಾದರೂ ಜ್ವರ ಹೊತ್ತುಕೊಂಡು ಕೆಲಸಕ್ಕೆ ಹೊರಟರೆ ಬಾಗಿಲಿಗೆ ಕುರ್ಚಿ ಹಾಕಿ ಕೂತುಬಿಡಿ. ಬೈದರೆ ಬೈಸಿಕೊಳ್ಳಿ. ಏಳಬೇಡಿ.