ಅಕ್ಕ ಬಿಡುತ್ತಿದ್ದ ಖಾಲಿ ಜಾಗ

ನಮ್ಮೂರಿನ ಬಟ್ಟೆ ಅಂಗಡಿಯಮ್ಮ ತಮ್ಮ ಗಾಜಿನ ಕಪಾಟಿನ ಅಲಂಕಾರವನ್ನು ವರ್ಷಕ್ಕೆ ಮೂರು ಸಲ ಬದಲಿಸುತ್ತಾರೆ. ಬೇಸಿಗೆಗೊಮ್ಮೆ, ಮಳೆಗೊಮ್ಮೆ, ಚಳಿಗೊಮ್ಮೆ. ಇಪ್ಪತ್ತೆರಡು ವರ್ಷ ಅದರ ನಟ್ಟನಡುವೆ ಇರುತ್ತಿದ್ದುದು ನಮ್ಮ ಕಸೂತಿ ಬಟ್ಟೆ. ನಮ್ಮ ಎಂದರೆ ಅಕ್ಕನದು ಮತ್ತು ನನ್ನದು. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆಯುವವಳು ಅಕ್ಕ, ಅದರ ಮೇಲೆ ಸೂಜಿ ಓಡಿಸುವವಳು ನಾನು. ಅವಳಿಗೆ ಸೂಜಿಗೆ ದಾರ ಪೋಣಿಸುವಷ್ಟೂ ತಾಳ್ಮೆಯಿಲ್ಲ. ನನಗೆ ಬೆಕ್ಕು ಬರೆ ಎಂದರೆ ಮೂಟೆ ಬರೆದು ಬಾಲ ಅಂಟಿಸುತ್ತೇನೆ.

ಪ್ರತಿ ಚಿತ್ರದಲ್ಲೂ ಅಕ್ಕ ಒಂದಂಗುಲ ಜಾಗ ಖಾಲಿ ಬಿಡುತ್ತಿದ್ದಳು. ಚಿಕ್ಕವರಿದ್ದಾಗ, ಎಲ್ಲಾ ನೀನೇ ಬರೆಯುತ್ತೀಯ ಎಂದು ನಾನು ರಂಪ ಮಾಡಿದ್ದಕ್ಕೆ ಶುರುವಾದ ರೂಢಿ ಅದು.

"ಇದು ನಿನ್ ಜಾಗ. ಏನಾದ್ರೂ ಹಾಕ್ಕೋ, ಬಾಯಿ ಮುಚ್ಕೋ" ಎನ್ನುತ್ತಿದ್ದಳು.

ನಾನು ಹಾಕುತ್ತಿದ್ದುದು ಪ್ರತಿ ಸಲವೂ ಅದೇ ಒಂದು ಮೊಂಡು ಎಲೆ. ಅವಳ ಬಳ್ಳಿ ಯಾವುದೇ ಇರಲಿ, ನನ್ನ ಎಲೆ ಮಾತ್ರ ಬದಲಾಗುತ್ತಿರಲಿಲ್ಲ. ಅದನ್ನೇ ಹುಡುಕಿ ನಗುವ ಗಿರಾಕಿಗಳೂ ಇದ್ದರು.

ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ಯಾರೋ ಒಬ್ಬರು ನಮ್ಮ ಮೇಜಿನ ಹೊದಿಕೆಯನ್ನು ಹೊಗಳಿದರು. ಹೊಗಳಿಕೆ ಸಿಕ್ಕರೆ ನನ್ನ ನಾಲಿಗೆಗೆ ಲಗಾಮು ಇರುವುದಿಲ್ಲ.

"ಈಚೀಚೆಗೆ ಅಕ್ಕನ ಗೆರೆ ಸೊಟ್ಟ ಬರ್ತಿದೆ ಕಣ್ರೀ. ಮನಸ್ಸಿಟ್ಟು ಬರಿಯಲ್ಲ. ನಾನೇ ಸೂಜೀಲಿ ತಿದ್ದಿ ತಿದ್ದಿ ಮರ್ಯಾದೆ ಉಳಿಸ್ತಿದೀನಿ" ಎಂದುಬಿಟ್ಟೆ.

ಬಟ್ಟೆಯ ಥಾನುಗಳ ಹಿಂದೆ ಅಕ್ಕ ನಿಂತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವಳು ಮುಂದಿನ ವಾರವೇ ಊರಿನ ಆ ತುದಿಯಲ್ಲಿರುವ ಮಗಳ ಮನೆಗೆ ಹೋಗಿ ಅಲ್ಲೇ ಉಳಿದಳು. ಪೆನ್ಸಿಲ್ ಇಡುವ ಬಿಸ್ಕತ್ತಿನ ಡಬ್ಬಿಯನ್ನು ಇಲ್ಲೇ ಬಿಟ್ಟು ಹೋಗಿದ್ದಳು.

ಆಮೇಲೆ ನಾನು ಪುಸ್ತಕದ ಹೂಗಳನ್ನು ನಕಲು ಮಾಡಿ ಹೊಲಿದೆ. ನಮ್ಮ ಬಟ್ಟೆ ಕಪಾಟಿನ ನಡುವಿನಿಂದ ಮೂಲೆಗೆ ಸರಿಯಿತು, ಮೂಲೆಯಿಂದ ಕೆಳಗಿನ ಅರೆಗೆ ಇಳಿಯಿತು. ಈ ಚಳಿಗಾಲಕ್ಕೆ ಅಂಗಡಿಯಮ್ಮ ನೇರವಾಗಿಯೇ ಹೇಳಿದರು.

"ಬೇಜಾರು ಮಾಡ್ಕೋಬೇಡಿ. ಈ ಹೂವು ಎಲ್ಲಾ ಕಡೆ ಸಿಗುತ್ತೆ. ಮೊದಲು ತರ್ತಿದ್ರಲ್ಲ, ಅಂಥದ್ದು ತನ್ನಿ. ಇನ್ನು ಮೂರು ವಾರ ಕಾಯ್ತೀನಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಮೊದಲು ದಾರವನ್ನು ಬೈದೆ, ಬಟ್ಟೆಯನ್ನು ಬೈದೆ, ಕನ್ನಡಕವನ್ನು ಬೈದೆ. ಆಮೇಲೆ ಒಂದು ನೋಟುಪುಸ್ತಕ ಹಿಡಿದು ಬೀದಿ ಸುತ್ತಿದೆ. ಬಸ್ಸಿನ ಕಿಟಕಿಗೆ ಕಟ್ಟಿದ ಹಬೆ ನೋಡಿದೆ, ತಂತಿಯ ಮೇಲೆ ಒಣಗುತ್ತಿದ್ದ ಉಣ್ಣೆಯ ಟೊಪ್ಪಿಗೆಗಳನ್ನು ನೋಡಿದೆ. ಎಲ್ಲವೂ ಕಣ್ಣಿಗೆ ಬಿದ್ದವು, ಒಂದೂ ಬಟ್ಟೆಯ ಮೇಲೆ ಬರಲಿಲ್ಲ. ಅಕ್ಕನಾಗಿದ್ದರೆ ಇವುಗಳಲ್ಲಿ ಒಂದರ ಮುಂದೆ ನಿಂತು, ನನ್ನ ಮೊಣಕೈ ಜಗ್ಗಿ, "ನೋಡೇ" ಎನ್ನುತ್ತಿದ್ದಳು. ನಾನು ನಡುಬೀದಿಯಲ್ಲಿ ನಿಂತು ನನ್ನ ಮೊಣಕೈಯನ್ನು ನಾನೇ ಹಿಡಿದುಕೊಂಡೆ. ನನಗೆ ಬೇಕಾಗಿದ್ದುದು ಚಿತ್ರವಲ್ಲ, ಅಕ್ಕ.

ಮನೆಗೆ ಬಂದು ಬಿಸ್ಕತ್ತಿನ ಡಬ್ಬಿ ತೆಗೆದೆ. ತಳದಲ್ಲಿ ಅವಳು ಬಟ್ಟೆಗೆ ಇಳಿಸುವ ಮೊದಲು ಕೊನೆಯದಾಗಿ ಬರೆದುಕೊಂಡಿದ್ದ ದ್ರಾಕ್ಷಿ ಬಳ್ಳಿಯ ಕರಡು ಹಾಳೆಯಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಗಮನವಿಲ್ಲದ ಗೆರೆ ಎಲ್ಲೋ ಒಂದು ಕಡೆ ದಾರಿ ತಪ್ಪುತ್ತದೆ. ಈ ಗೆರೆ ಬುಡದಿಂದ ತುದಿಯವರೆಗೆ ಒಂದೇ ಸಮನೆ ನಡುಗಿತ್ತು. ಹಾಳೆಯ ಅಂಚಿನಲ್ಲಿ ಒಂದೇ ಎಲೆಯನ್ನು ಹನ್ನೊಂದು ಸಲ ಬರೆದು, ಹನ್ನೊಂದು ಸಲವೂ ಅಳಿಸಿದ ಗುರುತು. ಮನಸ್ಸಿಡದವಳು ಹಾಗೆ ಮಾಡುತ್ತಾಳೆಯೇ? ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದ ನಾನು ಅವಳ ಗೆರೆ ನೋಡಿದ್ದೆ, ಕೈ ನೋಡಿರಲಿಲ್ಲ.

ಮರುದಿನವೇ ಬೂದುಬಣ್ಣದ ಬಟ್ಟೆಯೊಂದನ್ನು ಚೀಲಕ್ಕೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಹೋದೆ. ಅಕ್ಕನ ಮಗಳು ಬಾಗಿಲು ತೆಗೆದಳು.

"ಏನ್ ಚಿಕ್ಕಮ್ಮಾ, ಈಗ ದಾರಿ ನೆನಪಾಯ್ತಾ?"

ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಲೋಟದಲ್ಲಿ ಅರ್ಧ ಮಾತ್ರ ಚಹಾ. ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನೀನ್ಯಾಕೆ ಹೇಳ್ಲಿಲ್ಲಕ್ಕಾ?"

"ಏನಂತ ಹೇಳ್ಲಿ? ದಿನಾ ಪಕ್ಕದಲ್ಲಿ ಕೂರೋಳಿಗೆ ಕಾಣ್ದೇ ಇದ್ದದ್ದನ್ನ, ಡಂಗುರ ಹೊಡೀಬೇಕಿತ್ತಾ?"

"ತಪ್ಪಾಯ್ತು."

ಅವಳು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ನಾನು ಬಟ್ಟೆ ಹರಡಿ, ಪೆನ್ಸಿಲ್ ಅವಳ ಮುಂದಿಟ್ಟೆ. ತುಂಬ ಹೊತ್ತು ಅದನ್ನೇ ನೋಡಿದಳು. ಕಿಟಕಿಯಾಚೆ ಎಲೆ ಉದುರಿದ ಮರವೊಂದಿತ್ತು. ಕೊನೆಗೆ ಅದರ ಕೊಂಬೆಯನ್ನು ಬರೆಯತೊಡಗಿದಳು. ನಾನು ನನ್ನ ಒಂದಂಗುಲಕ್ಕಾಗಿ ಕಾದೆ. ಕೊಂಬೆ ಕವಲೊಡೆಯಿತು, ಕವಲು ಕಡ್ಡಿಯಾಯಿತು, ಕಡ್ಡಿಗಳು ಬಟ್ಟೆಯ ನಾಲ್ಕೂ ಅಂಚು ಮುಟ್ಟಿದವು. ಎಲ್ಲೂ ಜಾಗವಿರಲಿಲ್ಲ.

"ತಗೊಂಡ್ ಹೋಗು. ತಿದ್ಕೋ" ಎಂದಳು.

ಬಸ್ಸಿನಲ್ಲಿ ಇಡೀ ದಾರಿ ಅತ್ತೆ. ಪಕ್ಕದ ಸೀಟಿನವರು ಪಾಪ, ಎದ್ದು ಬೇರೆ ಕಡೆ ಹೋಗಿ ಕೂತರು.

ಹನ್ನೆರಡು ದಿನ ಹೊಲಿದೆ. ಒಂದೇ ಎಳೆಯ ದಾರ, ಸಾಸಿವೆಯಷ್ಟು ಚಿಕ್ಕ ಹೊಲಿಗೆ. ಹಳೆಯ ಚಾಳಿಯಿಂದ ಕೈ ಗೆರೆಯನ್ನು ನೆಟ್ಟಗೆ ಮಾಡಲು ಹೋಗುತ್ತಿತ್ತು. ಹಾಗೆ ಮಾಡಿದಾಗಲೆಲ್ಲ ಬಿಚ್ಚಿ ಮತ್ತೆ ಹಾಕಿದೆ. ಅವಳ ಪೆನ್ಸಿಲ್ ಎಲ್ಲಿ ನಡುಗಿತ್ತೋ ನನ್ನ ಸೂಜಿಯೂ ಅಲ್ಲಿ ನಡುಗಿತು. ಐದನೆಯ ದಿನದ ಹೊತ್ತಿಗೆ ಆ ಬೋಳು ಕೊಂಬೆ ನಿಜಕ್ಕೂ ಚಳಿಗಾಳಿಯಲ್ಲಿ ನಿಂತಿತ್ತು. ಅಂಥ ಕೊಂಬೆಯನ್ನು ನಾವು ಇಪ್ಪತ್ತೆರಡು ವರ್ಷದಲ್ಲಿ ಮಾಡಿರಲಿಲ್ಲ.

ಅಂಗಡಿಗೆ ಕೊಡುವ ಮೊದಲು ಅಕ್ಕನ ಬಳಿ ಒಯ್ದೆ. ಅವಳು ಕನ್ನಡಕ ಹಾಕಿಕೊಂಡು, ಬುಡದಿಂದ ತುದಿಯವರೆಗೆ ಬೆರಳಾಡಿಸಿದಳು.

"ತಿದ್ದಿಲ್ಲ."

"ಇಲ್ಲ."

"ಇಲ್ಲಿ ತೀರಾ ಸೊಟ್ಟಗಿತ್ತಲ್ಲೇ."

"ಅದಕ್ಕೇ ಅಲ್ಲಿ ಎರಡು ದಿನ ಹಿಡೀತು. ನಿನ್ ಸೊಟ್ಟನ್ನ ಹೊಲಿಯೋದು ಸುಲಭ ಅಂದ್ಕೊಂಡ್ಯಾ?"

ಅಕ್ಕ ನಕ್ಕಳು. ಎರಡು ವರ್ಷದಿಂದ ಆ ನಗು ಕೇಳಿರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಕೇಳಿದಳು.

"ಬೇಸಿಗೇದಕ್ಕೆ ಬಟ್ಟೆ ತಂದಿದೀಯಾ?"

ತಂದಿದ್ದೆ. ನಾಚಿಕೆಗೆಟ್ಟವಳು, ಮೊದಲ ಸಲ ಬಂದಾಗಲೂ ಅದು ಚೀಲದ ತಳದಲ್ಲೇ ಇತ್ತು. ಬಿಳಿ ಬಟ್ಟೆಯನ್ನು ಹರಡಿದೆ. ಅಕ್ಕ ಪೆನ್ಸಿಲ್ ತೆಗೆದುಕೊಂಡು ಹೂವನ್ನೂ ಬರೆಯಲಿಲ್ಲ, ಎಲೆಯನ್ನೂ ಬರೆಯಲಿಲ್ಲ. ನಡುಗುವ ಕೈಯಲ್ಲಿ, ನಟ್ಟನಡುವೆ, ಒಂದಂಗುಲದ ಸೊಟ್ಟ ಸುತ್ತೊಂದನ್ನು ಎಳೆದಳು.

"ಇದೇನಕ್ಕಾ?"

"ನಿನ್ ಜಾಗ. ಮೊದ್ಲೇ ತೆಗೆದಿಟ್ಬಿಡ್ತೀನಿ. ಆಮೇಲೆ ಈ ಕೈ ಎಲ್ಲಿಗೆ ಹೋಗುತ್ತೋ, ನನ್ ಮಾತು ಕೇಳಲ್ಲ."